ಸಕ್ಕರೆ ಗುಳಿಗೆ ಕರಗುವಷ್ಟು ಹೊತ್ತು

"ರಾತ್ರಿ ಯಾವ ಮಗ್ಗುಲಿಗೆ ಮಲಗ್ತೀರಮ್ಮ?"

ಹೋಮಿಯೋಪಥಿ ಡಾಕ್ಟರು ಹೀಗೆ ಕೇಳಿದಾಗ ನನಗೆ ಉತ್ತರವೇ ಗೊತ್ತಿರಲಿಲ್ಲ. ಬಾಯಾರಿಕೆ ಜಾಸ್ತಿಯೋ ಕಮ್ಮಿಯೋ, ಸಿಟ್ಟು ಬಂದರೆ ಕೂಗ್ತೀರೋ ನುಂಗ್ತೀರೋ, ಸೆಕೆಗೆ ಕಷ್ಟವೋ ಚಳಿಗೋ, ಉಪ್ಪು ಬೇಕನಿಸುತ್ತೋ ಸಿಹಿಯೋ, ಕನಸು ಬೀಳ್ತಾವಾ? ಸುಮಾರು ಒಂದು ಗಂಟೆ ಕೇಳಿದರು. ಅರ್ಧಕ್ಕರ್ಧ ಪ್ರಶ್ನೆಗೆ ನಾನು "ಗೊತ್ತಿಲ್ಲ ಸಾರ್" ಅಂದೆ. ಇಪ್ಪತ್ತೆರಡು ಮಿಷನ್ನುಗಳಲ್ಲಿ ಯಾವುದು ದಿನಕ್ಕೆ ಎಷ್ಟು ಪೀಸು ಹೊಲಿಯುತ್ತದೆ ಅಂತ ಬಾಯಿಪಾಠ ಹೇಳುವವಳು ನಾನು, ಆದರೆ ನನ್ನದೇ ನಿದ್ದೆಯ ಲೆಕ್ಕ ನನ್ನ ಹತ್ತಿರ ಇರಲಿಲ್ಲ.

ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಈ ಊರಿನ ಜೀನ್ಸ್ ಕೆಲಸ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ, ಎಲ್ಲೋ ಒಂದು ಕಡೆ ಕರೆಂಟ್ ಹೋದರೆ ಇಡೀ ಸರಪಳಿ ನಿಲ್ಲುತ್ತದೆ, ಫೋನ್ ಮಾತ್ರ ನಿಲ್ಲುವುದಿಲ್ಲ. ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಹಾಗಾಗಿ ಐದು ನಿಮಿಷ ಹೋಯಿತು ಅಂದರೆ ದುಡ್ಡು ಹೋಯಿತು ಅಂತಲೇ ಅರ್ಥ. ಆ ಅವಸರ ಮೈಗೆ ಅಂಟಿಕೊಂಡು ಮನೆಗೂ ಬರುತ್ತದೆ. ದವಡೆ ಕಚ್ಚಿ ಕಚ್ಚಿ ನೋವು, ಎದೆ ಡವಡವ, ಹೊಟ್ಟೆ ಉರಿ, ಮಕ್ಕಳ ಮೇಲೆ ಕೂಗಾಟ. ಮೊದಲು ಇಂಗ್ಲಿಷ್ ಡಾಕ್ಟರ ಹತ್ತಿರವೇ ಹೋದೆ. ಬಿಪಿ, ರಕ್ತ, ಥೈರಾಯ್ಡ್, ಇಸಿಜಿ ಎಲ್ಲ ಆಯಿತು. "ಎಲ್ಲ ನಾರ್ಮಲ್ ಇದೆ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ ನೋಡಿ. ಆ "ಹೇಗೆ"ಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಮಿಯೋಪಥಿ ಡಾಕ್ಟರು ಕೊಟ್ಟದ್ದು ಸಾಸಿವೆಗಿಂತ ಸ್ವಲ್ಪ ದಪ್ಪದ ಬಿಳಿ ಗುಳಿಗೆ. ಒಂದು ಸಲಕ್ಕೆ ನಾಲ್ಕು, ದಿನಕ್ಕೆ ಮೂರು ಸಲ. ಕೈಯಲ್ಲಿ ಮುಟ್ಟಬಾರದು, ಡಬ್ಬಿಯ ಮುಚ್ಚಳಕ್ಕೆ ಸುರಿದುಕೊಂಡು ನಾಲಿಗೆ ಕೆಳಗೆ ಹಾಕಿಕೊಳ್ಳಬೇಕು. ಅಗಿಯಬಾರದು, ನುಂಗಬಾರದು, ತಾನೇ ಕರಗಬೇಕು. ಅದಕ್ಕೆ ಮೊದಲು ಇಪ್ಪತ್ತು ನಿಮಿಷ, ಆಮೇಲೆ ಇಪ್ಪತ್ತು ನಿಮಿಷ ಬಾಯಿಗೆ ಏನೂ ಹಾಕಬಾರದು. ಹಸಿ ಈರುಳ್ಳಿ, ಕಾಫಿ, ಕರ್ಪೂರದ ವಾಸನೆ ಹತ್ತಿರ ಬೇಡ. (ಒಗ್ಗರಣಿ-ಮಿರ್ಚಿಯ ಊರಲ್ಲಿ ಹಸಿ ಈರುಳ್ಳಿ ಬೇಡ ಅನ್ನುವುದು ಸಣ್ಣ ಶಿಕ್ಷೆಯಲ್ಲ.)

ಮೂರು ವಾರಕ್ಕೆ ನಿದ್ದೆ ಸುಧಾರಿಸಿತು, ದವಡೆ ಸಡಿಲ ಆಯಿತು. ನನಗೆ ಖುಷಿಯೂ ಆಯಿತು, ಅನುಮಾನವೂ ಬಂತು. ಗುಳಿಗೆ ಕೆಲಸ ಮಾಡಿತೋ, ಗುಳಿಗೆಯ ನೆಪದಲ್ಲಿ ದಿನಕ್ಕೆ ಮೂರು ಸಲ ನಾನು ಸುಮ್ಮನೆ ಕೂತದ್ದು ಕೆಲಸ ಮಾಡಿತೋ? ನನ್ನ ಅನಿಸಿಕೆ ಎರಡನೆಯದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಈಗ ಕೆಲಸಕ್ಕೆ ಬರೋಣ.

ಮೊದಲು ಒಂದು ನೋಟ್‌ಬುಕ್

ಡಾಕ್ಟರು ಕೇಳಿದ ಪ್ರಶ್ನೆಗಳನ್ನು ನೀವೇ ನಿಮಗೆ ಕೇಳಿಕೊಳ್ಳಿ, ಒಂದು ವಾರ. ಫೋನಿನಲ್ಲಿ ಬೇಡ, ಮಕ್ಕಳ ಹಳೇ ನೋಟ್‌ಬುಕ್‌ನ ಉಳಿದ ಹಾಳೆ ಸಾಕು. ರಾತ್ರಿ ಮಲಗುವ ಮೊದಲು ನಾಲ್ಕು ಸಾಲು: ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಸಲ ಎದ್ದೆ, ಇವತ್ತು ಸಿಟ್ಟು ಯಾವಾಗ ಬಂತು, ಅದಕ್ಕೆ ಸ್ವಲ್ಪ ಮೊದಲು ಏನು ತಿಂದಿದ್ದೆ, ಏನು ಕೇಳಿದ್ದೆ. ಅಷ್ಟೇ. ಕವಿತೆ ಬರೆಯಬೇಡಿ, ಲೆಕ್ಕ ಬರೆಯಿರಿ.

ನನಗೆ ಇದರಲ್ಲಿ ಒಂದು ವಿಚಿತ್ರ ಸಿಕ್ಕಿತು. ನನ್ನ ಕೂಗಾಟವೆಲ್ಲ ಸಂಜೆ ಆರೂವರೆಯಿಂದ ಏಳೂವರೆಯೊಳಗೆ. ಆ ಹೊತ್ತಿಗೆ ನಾನು ಮಧ್ಯಾಹ್ನದ ಊಟ ಮಾಡಿ ಐದು ಗಂಟೆ ಆಗಿರುತ್ತದೆ, ನಡುವೆ ಮೂರು ಚಹಾ ಮಾತ್ರ. ಮಕ್ಕಳ ತಪ್ಪೇನೂ ಇರಲಿಲ್ಲ, ನನಗೆ ಹಸಿವಾಗಿತ್ತು! ನಾಲ್ಕೂವರೆಗೆ ಒಂದು ಹಿಡಿ ಶೇಂಗಾ-ಬೆಲ್ಲ ತಿನ್ನಲು ಶುರು ಮಾಡಿದ ಮೇಲೆ ಅರ್ಧ ಜಗಳ ಹೋಯಿತು. ನಿಮ್ಮ ನೋಟ್‌ಬುಕ್‌ನಲ್ಲಿ ಬೇರೆ ಏನೋ ಸಿಗಬಹುದು. ಮುಂದೆ ನೀವು ಹೋಮಿಯೋಪಥಿ ಡಾಕ್ಟರ ಹತ್ತಿರ ಹೋದರೂ, ಇಂಗ್ಲಿಷ್ ಡಾಕ್ಟರ ಹತ್ತಿರ ಹೋದರೂ ಈ ನೋಟ್‌ಬುಕ್ ತಗೊಂಡು ಹೋಗಿ. ನನ್ನ ಹಾಗೆ "ಗೊತ್ತಿಲ್ಲ ಸಾರ್" ಅನ್ನುವುದು ತಪ್ಪುತ್ತದೆ.

ಇಪ್ಪತ್ತು ನಿಮಿಷ ಯಾರಿಗೂ ಸಿಗಬೇಡಿ

ದಿನಕ್ಕೆ ಮೂರು ಹೊತ್ತು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಮಲಗುವ ಮೊದಲು. ಗುಳಿಗೆ ತಗೊಳ್ಳುವವರಾದರೆ ಅದೇ ಹೊತ್ತು. ಬಾಯಿಗೆ ಹಾಕಿಕೊಂಡು ಕೂತುಬಿಡಿ. ಬಾಯಿ ಮುಚ್ಚಿದೆ ಅಂದಮೇಲೆ ಫೋನ್ ಎತ್ತುವ ಹಾಗಿಲ್ಲ, ಚಹಾ ಕುಡಿಯುವ ಹಾಗಿಲ್ಲ, ಯಾರನ್ನೂ ಬೈಯುವ ಹಾಗೂ ಇಲ್ಲ. ಗುಳಿಗೆ ಎರಡು ಮೂರು ನಿಮಿಷಕ್ಕೆ ಕರಗಿಹೋಗುತ್ತದೆ, ಉಳಿದ ಹೊತ್ತು ನಿಮ್ಮದು.

ಇದರಲ್ಲಿ ಒಂದು ಗುಟ್ಟಿದೆ. ನಮ್ಮಂಥ ಮನೆಗಳಲ್ಲಿ ಸುಮ್ಮನೆ ಕೂತ ಹೆಣ್ಣುಮಗಳನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಯಾಕ ಕುಂತಿ, ಮೈಯಾಗ ಹುಷಾರಿಲ್ಲೇನು, ಹಂಗಾರ ಈ ಅಕ್ಕಿ ಆರಿಸು. ಔಷಧಿ ತಗೊಂಡು ಕೂತವಳನ್ನು ಮಾತ್ರ ಬಿಡುತ್ತಾರೆ. ನಮ್ಮ ಅತ್ತೆ ಏನೋ ಕೇಳಲು ಬಂದವರು ನನ್ನ ಮುಖ ನೋಡಿ, "ಬಾಯಾಗ ಗುಳಿಗಿ ಐತೇನವ್ವ? ಇರ್ಲಿ ಬಿಡು, ಆಮ್ಯಾಲ ಮಾತಾಡೋಣು" ಅಂತ ಹೋಗಿಬಿಡುತ್ತಿದ್ದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು. ಗಂಡಸರಿಗೂ ಇದು ಬೇರೆ ಥರದಲ್ಲಿ ಅನ್ವಯಿಸುತ್ತದೆ, ಅವರಿಗೆ ಬೀಡಿ ಸಿಗರೇಟಿನ ನೆಪ ಇದೆ, ಅದು ಹೋಗಿ ಈ ನೆಪ ಬಂದರೆ ಒಳ್ಳೆಯದೇ.

ಆ ಹೊತ್ತಿನಲ್ಲಿ ಏನು ಮಾಡಬೇಕು? ಉಸಿರು ಎಣಿಸಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಮಾಮೂಲಿಗೆ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ, ಟೆನ್ಷನ್ ಇದ್ದರೆ ಇನ್ನೂ ಜಾಸ್ತಿ, ಅದೂ ಎದೆಯ ಮೇಲ್ಭಾಗದಲ್ಲೇ. ಹೊರಗೆ ಬಿಡುವ ಉಸಿರು ಉದ್ದ ಇರಬೇಕು ಅನ್ನುವುದಕ್ಕೆ ಕಾರಣ ಇದೆ. ಉಸಿರು ಒಳಗೆ ಎಳೆಯುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ನಂಬಿಕೆ ಬರದಿದ್ದರೆ ಮಣಿಕಟ್ಟಿನ ನಾಡಿ ಮೇಲೆ ಬೆರಳಿಟ್ಟು ನೋಡಿ, ಕೆಲವರಿಗೆ ಕೈಗೇ ಗೊತ್ತಾಗುತ್ತದೆ. ತಲೆ ಸುತ್ತಿದಂತಾದರೆ ನಿಲ್ಲಿಸಿ, ಮಾಮೂಲಿ ಉಸಿರಾಡಿ. ಉಸಿರು ಕಟ್ಟಿ ಹಿಡಿಯುವ ಸಾಹಸ ಬೇಡ.

ಉಸಿರು ಎಣಿಸಿ ಬೇಜಾರಾದರೆ ಇನ್ನೊಂದು ಉಪಾಯ. ಸುಮಾರು ನೂರು ವರ್ಷದ ಹಿಂದೆ ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು ಹೇಳಿಕೊಟ್ಟದ್ದು. ಮೈಯ ಒಂದೊಂದೇ ಭಾಗವನ್ನು ಬೇಕಂತಲೇ ಬಿಗಿ ಮಾಡಿ ಬಿಡುವುದು. ಮುಷ್ಟಿ ಐದು ಸೆಕೆಂಡ್ ಬಿಗಿ ಹಿಡಿದು ಬಿಡಿ, ಹದಿನೈದು ಸೆಕೆಂಡ್ ಆ ಸಡಿಲನ್ನು ಸುಮ್ಮನೆ ಗಮನಿಸಿ. ಹಾಗೇ ಭುಜ, ದವಡೆ, ಹಣೆ, ಹೊಟ್ಟೆ, ಕಾಲು. ಹೊಲಿಗೆ ಮಿಷನ್ ಮುಂದೆ ಕೂರುವವರಿಗೆ ಭುಜ ಯಾವಾಗಲೂ ಕಿವಿಯ ಹತ್ತಿರವೇ ಇರುತ್ತದೆ, ಅದು ಬಿಗಿಯಾಗಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಬಿಗಿ ಮಾಡಿ ಬಿಟ್ಟಾಗಲೇ ತಿಳಿಯುವುದು.

ಮನೆಯಲ್ಲಿ ಕೂರಲು ಜಾಗವೇ ಇಲ್ಲ ಅನ್ನುವವರಿಗೆ ನಮ್ಮ ಊರು ಒಂದು ಜಾಗ ಕೊಟ್ಟಿದೆ, ಸುಧಾ ಕ್ರಾಸ್ ರೈಲ್ವೆ ಗೇಟ್! ಗೇಟ್ ಬಿತ್ತು ಅಂದರೆ ಹಾರನ್ ಒತ್ತಿದರೆ ಗೂಡ್ಸ್ ಬೇಗ ಹೋಗುವುದಿಲ್ಲ. ಗಾಡಿ ಆಫ್ ಮಾಡಿ, ಹತ್ತು ಉಸಿರು ಎಣಿಸಿ. ನಾನು ಮೊದಲು ಅಲ್ಲಿ ವ್ಯಾಗನ್ ಎಣಿಸಿ ಬೈಯುತ್ತಿದ್ದೆ, ಈಗ ಉಸಿರು ಎಣಿಸುತ್ತೇನೆ, ಎರಡೂ ಎಣಿಕೆಯೇ.

ಒಂದು ಕೆಲಸ ಮಾತ್ರ ನಿಧಾನ

ಎಲ್ಲವನ್ನೂ ನಿಧಾನ ಮಾಡಿ ಅಂತ ಹೇಳುವವರಿಗೆ ಮನೆ ನಡೆಸಿ ಗೊತ್ತಿಲ್ಲ. ದಿನಕ್ಕೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಅದನ್ನು ಮಾತ್ರ ನಿಧಾನ ಮಾಡಿ. ನನ್ನದು ರಾತ್ರಿಯ ಜೋಳದ ರೊಟ್ಟಿ. ರೊಟ್ಟಿಗೆ ಅವಸರ ಆಗುವುದೇ ಇಲ್ಲ. ಎಸರು ಸರಿಯಾಗಿ ಕಾಯದಿದ್ದರೆ, ಹಿಟ್ಟು ನಾದಿದ್ದು ಕಮ್ಮಿಯಾದರೆ, ಬಡಿಯುವಾಗ ಅಂಚು ಸೀಳಿ ನಿಮ್ಮ ಅವಸರವನ್ನು ಮನೆಗೆಲ್ಲ ತೋರಿಸಿಬಿಡುತ್ತದೆ. ಫೋನ್ ಪಡಸಾಲೆಯಲ್ಲಿಟ್ಟು ಎಂಟು ರೊಟ್ಟಿ ಬಡಿಯುವಷ್ಟರಲ್ಲಿ ತಲೆಯ ಗದ್ದಲ ಅರ್ಧ ಇಳಿದಿರುತ್ತದೆ. ನಿಮ್ಮದು ಗಿಡಕ್ಕೆ ನೀರು ಹಾಕುವುದಿರಬಹುದು, ಅಂಗಳ ಗುಡಿಸುವುದಿರಬಹುದು, ಬೆಳಿಗ್ಗೆ ಕೋಟೆ ಗುಡ್ಡದ ಕಡೆ ನಡೆಯುವುದಿರಬಹುದು. ನಡೆಯುವವರು ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ, ಆಮೇಲೆ ಅದು ವ್ಯಾಯಾಮ ಅಲ್ಲ, ತಪಸ್ಸು.

ಗುಳಿಗೆ ಬಗ್ಗೆ ನೇರ ಮಾತು

ಹೋಮಿಯೋಪಥಿ ಶುರು ಮಾಡಿದವರು ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್, ಹುಟ್ಟಿದ್ದು 1755ರಲ್ಲಿ. 1796ರಲ್ಲಿ ತಮ್ಮ ವಿಚಾರವನ್ನು ಬರೆದು ಪ್ರಕಟಿಸಿದರು. ಆರೋಗ್ಯವಂತನಲ್ಲಿ ಯಾವ ಪದಾರ್ಥ ಯಾವ ತೊಂದರೆ ಹುಟ್ಟಿಸುತ್ತದೋ, ಅದೇ ತೊಂದರೆ ಇರುವ ರೋಗಿಗೆ ಅದನ್ನೇ ಬಹಳ ಕಮ್ಮಿ ಮಾಡಿ ಕೊಟ್ಟರೆ ಗುಣವಾಗುತ್ತದೆ ಅನ್ನುವುದು ಅವರ ತತ್ವ. ಆಗಿನ ಕಾಲದ ಡಾಕ್ಟರುಗಳು ಜ್ವರಕ್ಕೂ ರಕ್ತ ಹರಿಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಗುಳಿಗೆ ಕೊಟ್ಟು, ಕೂತು ಮಾತು ಕೇಳಿ, ಮೈ ತಾನೇ ಸುಧಾರಿಸಲು ಬಿಡುವುದು ರೋಗಿಗೆ ಒಳ್ಳೆಯದೇ ಆಗಿರಬೇಕು.

ಟೆನ್ಷನ್‌ಗೆ ಈ ಪದ್ಧತಿಯಲ್ಲಿ ಕೊಡುವ ಹೆಸರುಗಳು ನಿಮ್ಮ ಕಿವಿಗೂ ಬಿದ್ದಿರಬಹುದು. ದುಃಖ ನುಂಗಿಕೊಂಡು ನಿಟ್ಟುಸಿರು ಬಿಡುವವರಿಗೆ ಇಗ್ನೇಷಿಯಾ, ಪರೀಕ್ಷೆ-ವೇದಿಕೆ ಅಂದರೆ ಕಾಲು ನಡುಗುವವರಿಗೆ ಜೆಲ್ಸೀಮಿಯಂ, ದಣಿದು ಹಿಂಡಿ ಹೋದವರಿಗೆ ಕಾಲಿ ಫಾಸ್. ತಲೆ ಓಡಿ ಓಡಿ ನಿದ್ದೆ ಬಾರದವರಿಗೆ ಕಾಫಿಯಾ, ಅದು ಕಾಫಿ ಬೀಜದಿಂದಲೇ ಮಾಡಿದ್ದು. ಸಿಡುಕು, ಚಹಾದ ಮೇಲೆ ಚಹಾ, ರಾತ್ರಿ ಕೆಲಸ, ಹೊಟ್ಟೆ ಉರಿ ಇದ್ದರೆ ನಕ್ಸ್ ವೋಮಿಕಾ. ಈ ಕೊನೆಯದನ್ನು ಓದಿದಾಗ ನಮ್ಮ ಘಟಕದ ಮುಕ್ಕಾಲು ಮಂದಿಯ ಮುಖ ಕಣ್ಣ ಮುಂದೆ ಬಂತು. ನಕ್ಸ್ ವೋಮಿಕಾ ಅಂದರೆ ಬೇರೇನಲ್ಲ, ನಮ್ಮ ಕಾಸರಕದ ಬೀಜ. ವಿಷ ಅಂತ ಹಿರಿಯರು ಮಕ್ಕಳನ್ನು ಆ ಮರದಿಂದ ದೂರ ಇಡುತ್ತಿದ್ದರಲ್ಲ, ಅದೇ.

ಹಾಗಾದರೆ ಗುಳಿಗೆಯಲ್ಲಿ ವಿಷ ಇದೆಯಾ? 30 ಅಂತ ಬರೆದಿರುವ ಡಬ್ಬಿಯಲ್ಲಿ ವಿಷ ಇರಲಿ, ಕಾಸರಕವೇ ಇರುವುದಿಲ್ಲ. ಲೆಕ್ಕ ನೋಡಿ. ಒಂದು ಹನಿ ಸಾರಕ್ಕೆ 99 ಹನಿ ನೀರೋ ಆಲ್ಕೋಹಾಲೋ ಸೇರಿಸಿ ಕುಲುಕಿದರೆ ಒಂದು ಸಲ. ಅದರಲ್ಲಿ ಒಂದು ಹನಿ ತೆಗೆದು ಮತ್ತೆ 99 ಹನಿಗೆ ಹಾಕಿದರೆ ಎರಡು. ಹೀಗೆ 30 ಸಲ. ನಮ್ಮ ತುಂಗಭದ್ರಾ ಅಣೆಕಟ್ಟು, ಅಂದರೆ ಟಿಬಿ ಡ್ಯಾಂ, ತುಂಬಿದಾಗ ಅದರಲ್ಲಿ ಸುಮಾರು 105 ಟಿಎಂಸಿ ಅಡಿ ನೀರು. ಆ ಇಡೀ ಡ್ಯಾಂಗೆ ಒಂದೇ ಹನಿ ಕಾಸರಕದ ಸಾರ ಬಿಟ್ಟರೆ ಎಷ್ಟು ತೆಳುವಾಗುತ್ತದೋ, ಅಷ್ಟು ತೆಳು ಎಂಟನೇ ಸಲಕ್ಕೂ ಒಂಬತ್ತನೇ ಸಲಕ್ಕೂ ನಡುವೆಯೇ ಆಗಿಹೋಗುತ್ತದೆ. ಇನ್ನೂ ಇಪ್ಪತ್ತೊಂದು ಸಲ ಬಾಕಿ ಇರುತ್ತದೆ! ಹನ್ನೆರಡು ಸಲ ದಾಟಿದ ಮೇಲೆ ಮೂಲ ಪದಾರ್ಥದ ಒಂದು ಅಣುವೂ ಉಳಿಯುವ ಸಾಧ್ಯತೆ ಇಲ್ಲದಷ್ಟು ಕಮ್ಮಿ. 2015ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಸಂಶೋಧನಾ ಮಂಡಳಿ ಇರುವ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಯಾವ ಕಾಯಿಲೆಗೂ ಹೋಮಿಯೋಪಥಿ ಪರಿಣಾಮಕಾರಿ ಅನ್ನಲು ನಂಬಬಹುದಾದ ಪುರಾವೆ ಇಲ್ಲ ಅಂತ ಹೇಳಿತು. ಇದಕ್ಕೇ ನಾನು ಮೊದಲು ಹೇಳಿದ್ದು, ನನಗೆ ಕೆಲಸ ಮಾಡಿದ್ದು ಕಾಯುವುದು, ಆ ಒಂದು ಗಂಟೆಯ ಮಾತು, ನಾನು ನನ್ನ ಕಡೆ ತಿರುಗಿ ನೋಡಿದ್ದು.

ಇದು ಗೊತ್ತಿದ್ದೂ ತಗೊಳ್ಳುತ್ತೀರಾ? ತಗೊಳ್ಳಿ, ಆದರೆ ಕೆಲವು ವಿಷಯ ಹುಷಾರು.

ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್, ಮನೋವೈದ್ಯರು ಕೊಟ್ಟ ಮಾತ್ರೆ, ಇವುಗಳಲ್ಲಿ ಒಂದನ್ನೂ ಗುಳಿಗೆ ನಂಬಿ ನಿಲ್ಲಿಸಬಾರದು. ನಿಲ್ಲಿಸಿ ಅಂತ ಹೇಳುವವರ ಹತ್ತಿರ ಮತ್ತೆ ಹೋಗಬೇಡಿ. ಬಿಎಚ್‌ಎಂಎಸ್ (ಹೋಮಿಯೋಪಥಿ ಪದವಿ) ಓದಿ, ರಾಜ್ಯದಲ್ಲಿ ನೋಂದಣಿ ಇರುವವರನ್ನೇ ಹುಡುಕಿ, ಐದೂವರೆ ವರ್ಷದ ಓದು ಅದು, ಗೋಡೆ ಮೇಲೆ ಸರ್ಟಿಫಿಕೇಟ್ ಕಾಣದಿದ್ದರೆ ಕೇಳಲು ನಾಚಿಕೆ ಬೇಡ. ಇನ್ನೊಂದು, "ಮದರ್ ಟಿಂಕ್ಚರ್" ಅಂತ ಸಿಗುವ ದ್ರವ ಗುಳಿಗೆಯ ಹಾಗಲ್ಲ, ಅದರಲ್ಲಿ ಮೂಲ ಪದಾರ್ಥ ನಿಜವಾಗಿಯೂ ಇರುತ್ತದೆ, ಜೊತೆಗೆ ಆಲ್ಕೋಹಾಲ್ ಕೂಡ. ಡ್ಯಾಂ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ನನಗೆ ಒಂದು ಅಂಗಡಿಯಲ್ಲಿ "ನಿದ್ದೆಗೆ ಒಳ್ಳೇದಕ್ಕಾ" ಅಂತ ಏನೂ ಕೇಳದೆ ಒಂದು ಬಾಟಲಿ ಕೈಗೆ ಕೊಟ್ಟಿದ್ದರು, ಮನೆಗೆ ತಂದು ಚೀಟಿ ಓದಿ ವಾಪಸ್ ಇಟ್ಟುಬಂದೆ. ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳಿಗಂತೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಚಹಾ, ಬಿಸಿಲು, ಫೋನು

ಚಹಾ ಬಿಡಿ ಅಂತ ಹೇಳಲು ನನಗೇ ಬಾಯಿ ಬರುವುದಿಲ್ಲ. ಆದರೆ ಚಹಾ-ಕಾಫಿಯಲ್ಲಿರುವ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಗಟ್ಟಿ ಚಹಾದ ಅರ್ಧ ರಾತ್ರಿ ಹತ್ತಕ್ಕೂ ನಿಮ್ಮೊಳಗೆ ಕೂತಿರುತ್ತದೆ. ಮೂರರ ನಂತರ ಬೇಡ ಅಂತ ಒಂದು ಗೆರೆ ಹಾಕಿಕೊಂಡೆ. ಎರಡು ದಿನ ತಲೆನೋವು ಬಂತು, ಆಮೇಲೆ ಹೋಯಿತು.

ಬಿಸಿಲನ್ನು ನಾವು ಟೆನ್ಷನ್ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ, ರಾಯಚೂರು ಕಡೆ ನೀರು ಕಮ್ಮಿ ಕುಡಿದರೂ ಎದೆ ಡವಡವ ಅನ್ನುತ್ತದೆ, ತಲೆ ಸಿಡಿಯುತ್ತದೆ, ಸಿಟ್ಟು ಬರುತ್ತದೆ. ಅದು ಮನಸ್ಸಿನದ್ದಲ್ಲ, ಮೈಯದ್ದು. ಎದೆಬಡಿತ ಜೋರು ಅನಿಸಿದರೆ ಮೊದಲು ಉಪ್ಪು ಹಾಕಿದ ಮಜ್ಜಿಗೆ ಕುಡಿದು, ನೆರಳಲ್ಲಿ ಹತ್ತು ನಿಮಿಷ ಕೂತು ನೋಡಿ. (ಬಿಪಿ ಇರುವವರು ಉಪ್ಪು ಬಿಡಿ.) ಸೆಕೆಗೆ ಒಳಗೆ ನಿದ್ದೆ ಬರದಿದ್ದರೆ ಮಾಳಿಗೆ ಮೇಲೆ ನೀರು ಚಿಮುಕಿಸಿ ಚಾಪೆ ಹಾಸುವುದು ಈಗಲೂ ಒಳ್ಳೆಯ ಔಷಧಿ, ಸೊಳ್ಳೆಪರದೆ ಜೊತೆಗಿರಲಿ.

ಫೋನಿನ ವಿಷಯಕ್ಕೆ ಒಂದೇ ಉದಾಹರಣೆ ಸಾಕು. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಂನ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋಯಿತಲ್ಲ, ಆಮೇಲಿನ ರಾತ್ರಿಗಳಲ್ಲಿ ನಾನು ಬೆಳಗಿನ ಮೂರರವರೆಗೂ ವಿಡಿಯೋ ನೋಡಿದೆ. ತವರಿನವರ ಗದ್ದೆ ಕಾಲುವೆ ನೀರಿನದ್ದು, ಚಿಂತೆ ಸುಳ್ಳಲ್ಲ. ಆದರೆ ನಾನು ಎದ್ದು ಕೂತರೆ ಗೇಟ್ ನಿಲ್ಲುತ್ತಿತ್ತಾ? ಸುದ್ದಿಗೆ ಒಂದು ಹೊತ್ತು ಇಟ್ಟುಕೊಳ್ಳಿ, ಸಂಜೆ ಅರ್ಧ ಗಂಟೆ. ಚಿಂತೆಗೂ ಅದೇ ಹೊತ್ತು ಕೊಡಿ. ಬೇರೆ ಹೊತ್ತಿನಲ್ಲಿ ಬಂದರೆ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದು, ಏಳಕ್ಕೆ ನೋಡೋಣ ಅಂತ ಮುಂದಕ್ಕೆ ತಳ್ಳಿ. ಏಳು ಗಂಟೆಗೆ ಓದಿದಾಗ ಅರ್ಧ ಸಾಲು ಓದಿ ನಗು ಬರುತ್ತದೆ. ಉಳಿದರ್ಧಕ್ಕೆ ಏನಾದರೂ ಮಾಡಬೇಕಾಗುತ್ತದೆ, ಮಾಡಿ.

ಇದ್ಯಾವುದೂ ಸಾಲದ ಸ್ಥಿತಿಯೂ ಇದೆ. ಎದೆ ನೋವು ಕೈಗೋ ದವಡೆಗೋ ಹರಿದರೆ, ಬೆವರು-ಉಸಿರಾಟದ ಕಷ್ಟ ಜೊತೆಗಿದ್ದರೆ ಉಸಿರು ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಎರಡು ವಾರ ದಾಟಿದರೂ ಏನೂ ಬೇಡ ಅನಿಸುತ್ತಿದ್ದರೆ, ನಿದ್ದೆ-ಊಟ ಪೂರ್ತಿ ಕೆಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಸಾಕು, ಕಾಯಬೇಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಹಬ್ಬದ ಸೀಸನ್‌ನಲ್ಲಿ ಇದೆಲ್ಲ ಕೆಡುತ್ತದೆ. ದಸರಾದಿಂದ ದೀಪಾವಳಿವರೆಗೆ ನನ್ನ ಮೂರು ಹೊತ್ತಲ್ಲಿ ಎರಡು ಹೋಗಿಬಿಡುತ್ತವೆ. ಆಗ ಮಧ್ಯಾಹ್ನ ಮೂರರದ್ದು ಮಾತ್ರ ಬಿಡುವುದಿಲ್ಲ, ಐದೇ ನಿಮಿಷ ಆದರೂ ಸರಿ.

ನನ್ನ ಗುಳಿಗೆ ಮುಗಿದು ಆರು ತಿಂಗಳಾಯಿತು. ಇನ್ನು ಬೇಡ ಅಂತ ಡಾಕ್ಟರೇ ಹೇಳಿದರು. ಮನೆಯಲ್ಲಿ ಹೇಳಿಲ್ಲ. ಅದೇ ಡಬ್ಬಿಯಲ್ಲಿ ಕಲ್ಲುಸಕ್ಕರೆ ಪುಡಿ ಮಾಡಿ ತುಂಬಿಟ್ಟಿದ್ದೇನೆ, ರಾತ್ರಿ ಮುಚ್ಚಳಕ್ಕೆ ನಾಲ್ಕು ಹರಳು ಸುರಿದುಕೊಂಡು ಬಾಯಿಗೆ ಹಾಕಿ ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತೇನೆ. ಅತ್ತೆ ಇಣುಕಿ ನೋಡಿ, ಇನ್ನೂ ಗುಳಿಗೆ ಕರಗಿಲ್ಲ ಅಂತ ಒಳಗೆ ಹೋಗುತ್ತಾರೆ.